ಓಲ್ಡ್ ಟೌನಿನ ಬಾಯಿ, ಐರ್ಲೆಂಡಿನ ಕಿವಿ

ಸಿಂಪಲ್ಲಾಗಿ!

ಈ ಒಂದು ಪದ ಕಿವಿಗೆ ಬಿದ್ದರೆ ಸಾಕು, ಮಹಾಂತಮ್ಮನ ಪಿತ್ತ ನೆತ್ತಿಗೇರುತ್ತಿತ್ತು. ಆಕೆಯ ಸಿಟ್ಟು ಭದ್ರಾವತಿಯ ಓಲ್ಡ್ ಟೌನಿಗೆಲ್ಲ ಪರಿಚಿತ. ಹಾಲಿನವನು ಬೀದಿಗೆಲ್ಲ ನೀರು ಬೆರೆಸಿ ಕೊಟ್ಟರೂ ಆಕೆಯ ಮನೆಗೆ ಮಾತ್ರ ಹಾಲನ್ನೇ ತರುತ್ತಿದ್ದ. ಅಂಥ ಹೆಂಗಸಿಗೆ ಒಡಹುಟ್ಟಿದ ತಮ್ಮನೇ ಫೋನು ಮಾಡಿ, "ಅಕ್ಕ, ಮಗು ನಾಮಕರಣ ಬರೋ ಭಾನುವಾರ ಇಲ್ಲೇ ಸಿಂಪಲ್ಲಾಗಿ ಮಾಡ್ತಿದೀವಿ" ಅಂದರೆ ಏನಾಗಬೇಡ?

ತಮ್ಮ ಮಧು ಇರುವುದು ಐರ್ಲೆಂಡಿನಲ್ಲಿ. ಹೆಂಡತಿ ಸಂಧ್ಯಾ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು, ಇವನು ಒಂದು ಗೋಡೌನಿನಲ್ಲಿ ಸರಕೆತ್ತುವ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಅವರ ಸಿಂಪಲ್ಲಿನ ಚರಿತ್ರೆ ದೊಡ್ಡದು. ಬಾಡಿಗೆ ಮನೆ ಹೊಕ್ಕಾಗ ಹಾಲು ಉಕ್ಕಿಸಿದ್ದು ಮೈಕ್ರೋವೇವಿನಲ್ಲಿ! ಒಲೆಯ ಮೇಲೆ ಇಟ್ಟು ಹೊಗೆ ಬಂದರೆ ಬೆಂಕಿ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತದಂತೆ. ಸೀಮಂತ ನಡೆದದ್ದು ಎರಡು ಡ್ಯೂಟಿಗಳ ನಡುವೆ ಇಪ್ಪತ್ತು ನಿಮಿಷ; ಬಸುರಿ ಹಸಿರು ಬಳೆ ತೊಟ್ಟಳು, ಫೋಟೋ ತೆಗೆಸಿಕೊಂಡಳು, ಬಳೆ ಬಿಚ್ಚಿ ಕೆಲಸಕ್ಕೆ ಹೋದಳು. ಅದನ್ನೆಲ್ಲ ಮಹಾಂತಮ್ಮ ಹಲ್ಲು ಕಚ್ಚಿ ನುಂಗಿಕೊಂಡಿದ್ದಳು.

ಆದರೆ ನಾಮಕರಣ? ಅದು ಸೋದರತ್ತೆಯ ಹಕ್ಕು. ತೊಟ್ಟಿಲ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಕರೆಯಬೇಕಾದವಳು ಅಪ್ಪನ ಅಕ್ಕತಂಗಿಯೇ ಹೊರತು ಬೇರೆ ಯಾರೂ ಅಲ್ಲ. ಮಧುವಿಗೆ ಇರುವುದು ಒಬ್ಬಳೇ ಅಕ್ಕ. ತಾಯಿ ಹಾಸಿಗೆ ಹಿಡಿದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಮೂಗು ಒರೆಸಿದವಳು, ಶಾಲೆಗೆ ಎಳೆದುಕೊಂಡು ಹೋದವಳು ಅವಳು. ಈಗ ಅವಳನ್ನೇ ಬಿಟ್ಟು ನಾಮಕರಣ!

"ಹೆಸರು ಏನೋ?" ಎಂದು ಗುಡುಗಿದಳು.

"ನೀಲ್ ಅಂತ ಯೋಚನೆ ಮಾಡಿದೀವಿ. ಇಲ್ಲಿಯವರ ಬಾಯಿಗೂ ಸಿಂಪಲ್."

"ನಿಲ್ಲಾ? ಪರೀಕ್ಷೇಲಿ ಏನೂ ಬರೀದೇ ಬಂದವನಿಗೆ ಹಾಕ್ತಾರಲ್ಲ, ಅದಾ? ಹುಟ್ಟಿದ ತಕ್ಷಣ ಮಗೂಗೆ ಸೊನ್ನೆ ಕೊಟ್ಟುಬಿಟ್ಯಲ್ಲೋ!"

ಮುಕ್ಕಾಲು ಗಂಟೆ ಬೈಗುಳವಾಯಿತು. ಕೊನೆಗೆ ಮಧು ಸೋತ ದನಿಯಲ್ಲಿ, ಫೋನನ್ನು ಮಗುವಿನ ಕಿವಿಗೆ ಹಿಡಿಯುತ್ತೇನೆ, ನೀನೇ ಕರೆ ಎಂದ. ಮಹಾಂತಮ್ಮ ಗೆದ್ದ ಪೈಲ್ವಾನನಂತೆ ಫೋನಿಟ್ಟು ಗಂಡನ ಮುಂದೆ ಶಪಥ ಮಾಡಿದಳು: ಅಲ್ಲಿ ಕತ್ತರಿಸುವ ಕೇಕಿನ ಮೇಲೆ ಅವರು ಏನಾದರೂ ಬರೆದುಕೊಳ್ಳಲಿ, ಆ ಕಿವಿಗೆ ಹೋಗುವ ಹೆಸರು ಮಾತ್ರ ನನ್ನದು! ಯಾವ ಹೆಸರು ಅಂತ ಗಂಡನಿಗೂ ಹೇಳಲಿಲ್ಲ. ಮನಸ್ಸಿನಲ್ಲಿ ಇದ್ದದ್ದು ತೀರಿಹೋದ ಅಪ್ಪ ಷಣ್ಮುಖಪ್ಪನವರ ಹೆಸರು. ಷಣ್ಮುಖ. ಮೂರು ಸಲ ಕಿವಿಗೆ ಬಿದ್ದ ಮೇಲೆ ಮುಗಿಯಿತು, ಐರ್ಲೆಂಡಿನ ಸರ್ಕಾರವೇ ಬಂದರೂ ತೆಗೆಯಲಾಗದು.

ಗಂಡ ಓಂಕಾರಪ್ಪನಿಗೆ ಮಾಚೇನಹಳ್ಳಿಯಲ್ಲಿ ಸಣ್ಣದೊಂದು ವೆಲ್ಡಿಂಗ್ ಶೆಡ್ಡು. ದಿನವಿಡೀ ಕಬ್ಬಿಣ ಬಡಿದು ಮನೆಗೆ ಬಂದರೆ ಸುಮ್ಮನಿರುವುದೇ ಆರೋಗ್ಯ ಎಂದು ಕಂಡುಕೊಂಡಿದ್ದ ಮನುಷ್ಯ. ಆದರೂ ಬಾಯಿ ತಪ್ಪಿ ಒಂದು ಮಾತು ಆಡಿದ. "ಅಲ್ಲ ಮಾರಾಯ್ತಿ, ಮಗು ಅಲ್ಲಿದೆ. ಇಲ್ಲಿ ನೀನು ಫೋನಲ್ಲಿ ಒಂದು ಮಾತು ಹೇಳಿದ್ರೆ ಆಯ್ತಪ್ಪ. ಸಿಂಪಲ್ಲಾಗಿ..."

ಆಮೇಲೆ ಎರಡು ದಿನ ಅವನಿಗೆ ಉಪ್ಪಿಲ್ಲದ ಸಾರು.

ಸಿದ್ಧತೆ ಶುರುವಾಯಿತು. ಶಿವಮೊಗ್ಗದ ಗಾಂಧಿ ಬಜಾರಿನಿಂದ ಸೀರೆ, ಕುಲಾವಿ, ಬೆಳ್ಳಿ ಬಟ್ಟಲು ಬಂದವು. ತೊಟ್ಟಿಲು ತೂಗುಹಾಕಲು ಓಂಕಾರಪ್ಪ ಎತ್ತು ಕಟ್ಟಿದರೂ ಬಾಗದಂಥ ಕೊಕ್ಕೆ ಬಡಿದು ತಂದ. ಬೀದಿಯ ನಲವತ್ತು ಜನಕ್ಕೆ ಹೋಳಿಗೆ ಊಟ ಅಂತಾಯಿತು. ಮುಹೂರ್ತದ್ದೇ ಇನ್ನೊಂದು ರಾಮಾಯಣ. ಮಧು ಹೇಳಿದ್ದು ಅಲ್ಲಿಯ ಹನ್ನೆರಡು ಗಂಟೆ. ಇಲ್ಲಿ ಆಗ ನಾಲ್ಕೂವರೆ, ಭಾನುವಾರದ ರಾಹುಕಾಲ!

"ಅಕ್ಕ, ಮಗು ಇರೋದು ಇಲ್ಲಿ. ನಮ್ಗೆ ಅದು ರಾಹುಕಾಲ ಅಲ್ಲ."

"ಹೆಸರು ಹೊರಡೋದು ಇಲ್ಲಿಂದ ಕಣೋ. ಹೊರಡೋ ಹೊತ್ತು ನೋಡ್ಬೇಕಾ, ಇಳಿಯೋ ಹೊತ್ತು ನೋಡ್ಬೇಕಾ?"

ಮಧು ಒಂದು ಗಂಟೆ ಹಿಂದಕ್ಕೆ ಹಾಕಿದ. ಇಲ್ಲಿಯ ಲೆಕ್ಕದಲ್ಲಿ ಮೂರೂವರೆ.

ಭಾನುವಾರ ಬಂತು. ಮಗು ಬರುವ ಮುಂಚೆ ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುವುದು ಪದ್ಧತಿ. ಇಲ್ಲಿ ಮಗು ಬರುವಂತೆಯೇ ಇರಲಿಲ್ಲವಾದ್ದರಿಂದ ಗುಂಡುಕಲ್ಲಿಗೇ ಕುಲಾವಿ ಕಟ್ಟಿ, ದೃಷ್ಟಿಬೊಟ್ಟಿಟ್ಟು ಮಲಗಿಸಿದರು. ಬಂದವರೆಲ್ಲ ಕಲ್ಲನ್ನು ತೂಗಿದರು. ಕಲ್ಲು ಥೇಟ್ ಮಧುವಿನ ಹಾಗೇ ಇದೆ ಎಂದು ಒಬ್ಬಾಕೆ ಅಂದೇಬಿಟ್ಟಳು.

ಎಲ್ಲ ಸರಿ, ಬೆಳಗಿನಿಂದ ಇಂಟರ್ನೆಟ್ಟೇ ಸರಿಯಿಲ್ಲ. ಹಾಗಾಗಿ ಕೇಬಲ್ ಭೂತಪ್ಪನಿಗೆ ಕರೆ ಹೋಯಿತು. ಐವತ್ತು ದಾಟಿದ ಆಸಾಮಿ. ಕೆಲಸದಲ್ಲಿ ಗಟ್ಟಿ, ಕಿವಿ ಮಾತ್ರ ಸ್ವಲ್ಪ ಮಂದ. ಮನೆಯೆದುರಿನ ಕಂಬ ಹತ್ತಿ ವೈರು ಬದಲಿಸಿ ಲೈನು ಬರಿಸಿದ. ಹೆಸರು ಕರೆಯುವುದು ಮುಗಿಯುವ ತನಕ ಕಂಬ ಬಿಟ್ಟು ಇಳಿಯಕೂಡದು ಎಂದು ಮಹಾಂತಮ್ಮ ಅಪ್ಪಣೆ ಮಾಡಿದಳು. ಪಾಪ, ಅವನು ಅಲ್ಲೇ ಬೀಡಿ ಹಚ್ಚಿಕೊಂಡು ಕುಳಿತ.

ಮೂರೂವರೆಗೆ ಸರಿಯಾಗಿ, ಫೋನಿಗೆ ಜೋಡಿಸಿದ್ದ ಟಿವಿಯಲ್ಲಿ ಐರ್ಲೆಂಡು ಕಾಣಿಸಿತು. ಸಣ್ಣದೊಂದು ಕೋಣೆ, ಸಂಧ್ಯಾಳ ಜೊತೆ ಕೆಲಸ ಮಾಡುವ ಏಳೆಂಟು ಜನ, ಹಾಸಿಗೆಯ ಮೇಲೆ ಮಗು. ತೊಟ್ಟಿಲೂ ಇಲ್ಲ, ತೋರಣವೂ ಇಲ್ಲ. ಮಹಾಂತಮ್ಮನಿಗೆ ಮತ್ತೆ ಸಿಟ್ಟು ಬಂತು, ಆದರೆ ಮಗುವಿನ ಮುಖ ನೋಡುತ್ತಲೇ ಇಳಿದುಹೋಯಿತು. ಅಪ್ಪನ ಹಣೆ, ಅಪ್ಪನದೇ ಕಿವಿ.

ಮಧು ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ, ಫೋನಿನ ಸ್ಪೀಕರು ದೊಡ್ಡದು ಮಾಡಿ ಮಗುವಿನ ಕಿವಿಯ ಬಳಿ ತಂದ. ಮಹಾಂತಮ್ಮ ಫೋನನ್ನು ತುಟಿಗೆ ಹಿಡಿದು, ಉಸಿರೆಳೆದು, ಬಾಯಿ ತೆರೆಯಬೇಕು, ಚಿತ್ರ ನಿಂತುಹೋಯಿತು! ಮಧುವಿನ ಬಾಯಿ ಅರ್ಧ ತೆರೆದಲ್ಲೇ ಇದೆ. ಯಾರೂ ಅಲುಗುತ್ತಿಲ್ಲ. ಗಡಿಯಾರ ನೋಡಿದರೆ ರಾಹು ಹತ್ತಿರವಾಗುತ್ತಿದ್ದಾನೆ. ಕಿಟಕಿಯಾಚೆ ನೋಡಿದರೆ ಆ ಮಹಾರಾಯ ಕಂಬಕ್ಕೆ ಒರಗಿ ತೂಕಡಿಸುತ್ತ ವೈರಿನ ಮೇಲೆ ಕೈಯಿಟ್ಟಿದ್ದಾನೆ. ಅಷ್ಟು ದಿನದ ಸಿಟ್ಟೆಲ್ಲ ಒಟ್ಟಾಗಿ ಗಂಟಲಿಗೆ ಬಂತು. ಕೈಯಲ್ಲಿದ್ದ ಫೋನನ್ನು ಬಾಯಿಂದ ಇಳಿಸುವುದನ್ನೂ ಮರೆತು ಕಿಟಕಿಗೆ ಓಡಿದಳು.

"ಭೂತಪ್ಪಾ! ಭೂತಪ್ಪಾ! ಏ ಭೂತಪ್ಪಾ!"

ಭೂತಪ್ಪ ಬೆಚ್ಚಿ ಕೈ ತೆಗೆದ. ಚಿತ್ರ ಬಂತು. ಐರ್ಲೆಂಡಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ನಿಂತಿದ್ದದ್ದು ಚಿತ್ರ ಮಾತ್ರ, ಮಾತು ನಿಂತಿರಲಿಲ್ಲ.

ಮಧುವಿನ ಕಣ್ಣು ಒದ್ದೆಯಾಗಿತ್ತು. ಸಂಧ್ಯಾ ಕೇಕನ್ನು ಕ್ಯಾಮೆರಾದ ಮುಂದೆ ಹಿಡಿದಿದ್ದಳು. ಬಿಳಿ ಕೆನೆಯ ಮೇಲೆ ಆಕೆಯ ಕನ್ನಡತಿ ಗೆಳತಿಯೊಬ್ಬಳು ನೀಲಿ ಕೆನೆಯಲ್ಲಿ ಒಂದೊಂದೇ ಅಕ್ಷರ ಬರೆಯುತ್ತಿದ್ದಳು. ಭೂ ಆಗಿತ್ತು, ತ ಆಗಿತ್ತು.

"ನೀಲ್ ಅಂತ ಬರ್ಸಿಲ್ವೇನೋ?" ಮಹಾಂತಮ್ಮನ ದನಿ ಮೇಲೇಳಲಿಲ್ಲ.

"ಇಲ್ಲಕ್ಕ. ಅವತ್ತು ನೀನು ಬೈದ ಮೇಲೆ ನಾವಿಬ್ರೂ ಕೂತು ಮಾತಾಡಿದ್ವಿ. ನನ್ನ ಸಾಕಿದವಳು ನೀನು. ನೀನು ಯಾವ ಹೆಸರು ಕರೀತೀಯೋ ಅದೇ ಇಡೋಣ ಅಂತ ಕೇಕ್ ಖಾಲಿ ಬಿಟ್ಟಿದ್ವಿ." ಮಧು ಮೂಗು ಒರೆಸಿಕೊಂಡ. "ಭೂತಪ್ಪ ಅಂದ್ರೆ ನಮ್ಮ ಮುತ್ತಜ್ಜನ ಹೆಸರಾ ಅಕ್ಕ? ಕೇಳೋಣ ಅಂದ್ಕೊಂಡೆ. ನೀನು ಅಷ್ಟು ಸಿಟ್ಟಲ್ಲಿ ಕರೆದ್ಯಲ್ಲ, ಧೈರ್ಯ ಬರ್ಲಿಲ್ಲ."

ಮಹಾಂತಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಾನು ಒಂದು ಮಾತು ಕೇಳಿದ್ದರೆ ಷಣ್ಮುಖ ಅನ್ನುವ ಹೆಸರನ್ನು ತಮ್ಮ ಕಣ್ಣಿಗೊತ್ತಿಕೊಂಡು ಇಡುತ್ತಿದ್ದ. ಜಗಳವಿಲ್ಲದೆ, ಶಪಥವಿಲ್ಲದೆ ಸಿಕ್ಕುತ್ತಿದ್ದ ಹಕ್ಕನ್ನು ತಾನೇ ಕಂಬದ ಮೇಲಿನವನಿಗೆ ಕೊಟ್ಟಿದ್ದಳು. ಆಚೆ ಐರ್ಲೆಂಡಿನ ಹೆಂಗಸರು ಮಗುವಿನ ಗಲ್ಲ ಮುಟ್ಟಿ "ಬೂಟಪಾ, ಬೂಟಪಾ" ಅನ್ನುತ್ತಿದ್ದರು, ಅದು ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು. ಈಚೆ ನಲವತ್ತು ಜನ ಸೆರಗು, ಟವೆಲ್ಲು ಬಾಯಿಗೆ ಒತ್ತಿಕೊಂಡಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಭೂತಪ್ಪ ಕಾಣಿಸಿಕೊಂಡ. "ಕರೆದ್ರಾ ಅಕ್ಕಾರೆ?"

"ನಿನ್ನನ್ನಲ್ಲ ಮಾರಾಯ, ಇನ್ನೊಬ್ಬ ಇದಾನೆ. ಹೋಳಿಗೆ ಇದೆ, ಕೈ ತೊಳ್ಕೊಂಡು ಕೂತ್ಕೋ" ಎಂದ ಓಂಕಾರಪ್ಪ.

ಮಹಾಂತಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ದೇವರಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಮನೆಯಲ್ಲಿ ಯಾರೂ ಕೇಳಿರದಷ್ಟು ಮೆಲ್ಲಗಿನ ದನಿ ಹೊರಗೆ ಕೇಳಿಸಿತು.

"ಮಧು, ಆ ಕೇಕ್ ತಿಂದು ಮುಗಿಸ್ಬಿಡ್ರಪ್ಪ. ನಾಳೆ ಇನ್ನೊಂದು ಸಲ ಕರೀತೀನಿ. ಯಾರನ್ನೂ ಸೇರಿಸ್ಬೇಡ ಕಣೋ. ನೀನು, ನಾನು, ಮಗು ಅಷ್ಟೇ. ಸಿಂಪಲ್ಲಾಗಿ."