ದೇವರ ಜಗಲಿ ಏರಿದ ಕೂಲರ್

"ಇದಕ್ಕ ಮೆಕ್ಯಾನಿಕ್ ಯಾಕ ಬೇಕು? ನಾಕು ಸ್ಕ್ರೂ ಬಿಚ್ಚೋದು, ನಾಕು ಸ್ಕ್ರೂ ಹಾಕೋದು. ನಾನೇ ಕೂಡಿಸ್ತೇನಿ," ಎಂದು ದೌಲತರಾಯ ಘೋಷಿಸಿದಾಗ ಹೆಂಡತಿ ಗಂಗಾಬಾಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ಹೋದ ಸಲ ಅವನು ಇದೇ ಮಾತು ಹೇಳಿದ್ದು ಮಿಕ್ಸಿಯ ಮುಂದೆ ಕೂತು. ಆ ಮಿಕ್ಸಿ ಈಗ ಜೇವರ್ಗಿಯ ಗುಜರಿ ಅಂಗಡಿಯಲ್ಲಿ ಚಿರನಿದ್ರೆ ಮಾಡುತ್ತಿತ್ತು.

ದೌಲತರಾಯನದು ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವ ದಂಧೆ. ವಧು-ವರರನ್ನು ತಾವರೆಯೊಳಗೆ ಕೂಡಿಸುವುದು, ಬೀಗರ ಮುಖವನ್ನು ಚಂದ್ರನಲ್ಲಿ ತೇಲಿಸುವುದು, ಎಲ್ಲವೂ ಪಡಸಾಲೆಯಲ್ಲಿದ್ದ ಕಂಪ್ಯೂಟರಿನಲ್ಲೇ. ಆದರೆ ತೊಂಬತ್ತೊಂಬತ್ತರ ಮೇ ತಿಂಗಳ ಬಿಸಿಲಿಗೆ, ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಪುಟ್ಟ ಫ್ಯಾನು ಪ್ರಾಣ ಬಿಟ್ಟಿತು. ಸ್ವಲ್ಪ ಹೊತ್ತಿಗೇ ಕಾರ್ಡು ಕಾದ ಹಂಚಾಗುತ್ತಿತ್ತು. ಚಿತ್ರ ಪಟ್ಟಾಪಟ್ಟಿ ಚಡ್ಡಿಯ ಹಾಗೆ ಗೆರೆಗೆರೆಯಾಗಿ ನಿಂತುಬಿಡುತ್ತಿತ್ತು.

ಬೇರೆಯವರ ಮದುವೆಯಾಗಿದ್ದರೆ ಇವತ್ತು ನಾಳೆ ಅಂತ ಸಾಗಹಾಕಬಹುದಿತ್ತು. ಇದು ಹೆಂಡತಿಯ ತಮ್ಮನ ಮದುವೆ! ಅತ್ತೆ ಸುಭದ್ರಾಬಾಯಿ ಅದರ ವಿಡಿಯೊ ನೋಡಲೆಂದೇ ಗೊಬ್ಬೂರದಿಂದ ಬಸ್ಸು ಹತ್ತಿ ಬಂದಿದ್ದಳು. ಮದುವೆಯ ದಿನ ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ಆಕೆ ಉಗ್ರಾಣದ ಬಾಗಿಲಲ್ಲಿ ಬುಂದೆಲಾಡು ಕಾಯುತ್ತ ನಿಂತಿದ್ದಳು. ಹೆತ್ತ ಮಗನ ತಲೆಯ ಮೇಲೆ ಅಕ್ಕಿಕಾಳು ಬಿದ್ದದ್ದನ್ನು ಊರೆಲ್ಲ ನೋಡಿತು, ಆಕೆಯೊಬ್ಬಳನ್ನು ಬಿಟ್ಟು. ಆ ಕೊರಗು ಆಕೆಗೆ ಇನ್ನೂ ಹೋಗಿರಲಿಲ್ಲ.

"ಸಂಜಿ ಬಸ್ಸಿಗೆ ಹೋಗೂದ್ರಾಗ ನಿಮಗ ಅಕ್ಕಿಕಾಳು ತೋರಿಸೇ ಕಳಸ್ತೇನಿ ಅತ್ತಿ," ಎಂದು ದೌಲತರಾಯ ಮಾತು ಕೊಟ್ಟುಬಿಟ್ಟ.

ಆ ಮದುವೆಯ ವಿಡಿಯೊ ತೆಗೆದಿದ್ದ ಗೌಸಮೊಹಿದ್ದೀನನೇ ಹೈದರಾಬಾದಿನಿಂದ ಕಾರ್ಡನ್ನು ತಣ್ಣಗಿಡುವ ಹೊಸ ಕೂಲರ್ ತಂದುಕೊಟ್ಟಿದ್ದ. ಹಲ್ಲುಹಲ್ಲಾದ ಲೋಹದ ಬಿಲ್ಲೆ, ಅದರ ಮೇಲೊಂದು ಫ್ಯಾನು, ಜೊತೆಗೆ ಬಿಳೀ ಪೇಸ್ಟಿನ ಪೊಟ್ಟಣ.

"ಕಾರ್ಡಿನ ಚಿಪ್ಪಿಗೂ ಬಿಲ್ಲೆಗೂ ನಡುವ ಈ ಪೇಸ್ಟ್ ಸವರಬೇಕ್ರಿ ಭಾಯ್. ಇಲ್ಲಂದ್ರ ಬಿಸಿ ಹೊರಗ ಬರಂಗಿಲ್ಲ. ಜರಾ ನಾಜೂಕ್ ಕೆಲಸ ಅದ, ಕಲಬುರ್ಗಿಗೆ ಒಯ್ದುಬಿಡ್ರಿ," ಎಂದು ಅವನು ಹೇಳಿದ್ದ. ದೌಲತರಾಯ ನಕ್ಕು ಕಳಿಸಿದ್ದ.

ಪೊಟ್ಟಣದ ಮೂಲೆ ಕತ್ತರಿಸಿ ಆಗಿತ್ತು, ಅಷ್ಟರಲ್ಲಿ ಗಂಗಾಬಾಯಿ ಅಡ್ಡ ನಿಂತಳು.

"ಹೊಸಾ ಸಾಮಾನು. ಪೂಜಾ ಮಾಡದ ಹೆಂಗ ಕೂಡಸ್ತೀರಿ? ಮಿಕ್ಸಿಗೂ ಪೂಜಾ ಮಾಡಿದ್ದಿಲ್ಲ, ಏನಾತು ನೋಡಿದ್ರಲ್ಲ."

ಮಿಕ್ಸಿಯ ಹೆಸರು ಬಂದ ಮೇಲೆ ವಾದಕ್ಕೆ ಜಾಗವಿರಲಿಲ್ಲ. ಸೋರುತ್ತಿದ್ದ ಪೇಸ್ಟನ್ನು ಆಕೆ ಒಂದು ಸ್ಟೀಲಿನ ಬಟ್ಟಲಿಗೆ ಹಿಂಡಿಸಿದಳು. ಕೂಲರ್ ಮತ್ತು ಬಟ್ಟಲು ದೇವರ ಜಗಲಿ ಏರಿದವು. ಕುಂಕುಮ, ಹೂವು, ಊದಿನಕಡ್ಡಿ, ಎಲ್ಲ ಉಪಚಾರವೂ ಆಯಿತು. ಪಕ್ಕದಲ್ಲಿ ಅಂಥದೇ ಇನ್ನೊಂದು ಬಟ್ಟಲಿತ್ತು. ಅದರಲ್ಲಿ ಸುಭದ್ರಾಬಾಯಿ ತನ್ನ ಪೂಜೆಗೆಂದು ವಿಭೂತಿ ಕಲಸಿಟ್ಟಿದ್ದಳು. ದೌಲತರಾಯ ಸ್ಕ್ರೂಡ್ರೈವರ್ ಹುಡುಕಿ ತಂದು, ಕೈಗೆ ಸಿಕ್ಕ ಬಟ್ಟಲು ಎತ್ತಿಕೊಂಡು ಬಂದ.

"ಹೈದರಾಬಾದಿನ ಮಾಲು ನೋಡು, ಎಷ್ಟ್ ನುಣ್ಣಗದ," ಎಂದು ಹೆಂಡತಿಗೆ ತೋರಿಸುತ್ತ ಸವರಿದ.

"ಯಾಕೋ ವಿಭೂತಿ ವಾಸನಿ ಬರ್ತದರಿ."

"ಜಗಲಿ ಮ್ಯಾಲಿಟ್ಟೇವಲ್ಲ, ಬರ್ತದ."

ಕೂಲರ್ ಕೂತಿತು, ಫ್ಯಾನು ಗಿರ್ರನೆ ತಿರುಗಿತು, ಪರದೆಯಲ್ಲಿ ಮದುವೆ ಮಂಟಪ ಬೆಳಗಿತು. ಲಂಕೆಗೆ ಸೇತುವೆ ಕಟ್ಟಿದವನಂತೆ ದೌಲತರಾಯ ಎದೆ ಉಬ್ಬಿಸಿ ಕೂತ. ಸುಭದ್ರಾಬಾಯಿ ಪೂಜೆ ಮುಗಿಸಿ ಬಂದು ಎದುರಿಗೆ ಕೂತಳು. ಆಕೆಯ ಹಣೆಯ ಮೂರು ಗೆರೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು.

"ಇವತ್ತಿನ ವಿಭೂತಿ ಭಾಳ ಚಲೋ ಅದ," ಎಂದಳು. "ಎಷ್ಟ್ ಬೆವತ್ರೂ ಇಳೀವಲ್ದು. ಹಣಿ ತಣ್ಣಗನಸ್ತದ."

ದೌಲತರಾಯನ ಗಮನವೆಲ್ಲ ಮಂಟಪದ ಮೇಲಿತ್ತು. ಜನ ಎದ್ದು ನಿಂತರು, ಮುಷ್ಟಿಯಲ್ಲಿ ಅಕ್ಕಿ ಹಿಡಿದರು, ಕೈ ಎತ್ತಿದರು. ಅಷ್ಟೇ! ಮದುವೆ ಪಟ್ಟಾಪಟ್ಟಿ ಚಡ್ಡಿಯಾಗಿ ನಿಂತಿತು.

ಸ್ವಿಚ್ ಆರಿಸಿ ಬಿಲ್ಲೆ ಬಿಚ್ಚಿದ. ಒಳಗೆ ಒಣಗಿದ ಬೂದಿ. ಕಾರ್ಡು ನೋಡಿದ, ಅತ್ತೆಯ ಹಣೆ ನೋಡಿದ, ಮತ್ತೆ ಕಾರ್ಡು ನೋಡಿದ.

"ಅತ್ತಿ, ಆ ಬಟ್ಟಲದಾಗ ಏನರ ಉಳದದೇನು?"

"ಎಲ್ಲೀದು? ಕೈಗೆ, ಕೊರಳಿಗೆ ಹಚ್ಚಿಕೊಂಡು ತೊಳದಿಟ್ಟೇನಿ."

ಮುಚ್ಚಿಡುವಂತಿರಲಿಲ್ಲ. ದೌಲತರಾಯ ನೆಲ ನೋಡುತ್ತ ಎಲ್ಲ ಒಪ್ಪಿಕೊಂಡ. ಕೊನೆಗೆ, "ಸಿಟ್ಟಾಗಬ್ಯಾಡ್ರಿ ಅತ್ತಿ. ನಿಮ್ಮ ಹಣಿ ಜರಾ ಬೇಕಾಗಿತ್ತು," ಎಂದ.

ಗಂಗಾಬಾಯಿ ಸೆರಗು ಬಾಯಿಗೆ ತುರುಕಿಕೊಂಡಳು. ಸುಭದ್ರಾಬಾಯಿ ಅಳಿಯನನ್ನೇ ದಿಟ್ಟಿಸಿದಳು.

"ಮಷೀನಿಗೆ ವಿಭೂತಿ, ನನಗ ಮಷೀನಿನ ಔಷಧ. ಶಿವನ ಆಟ," ಎಂದು ತಲೆ ಮುಂದೆ ಬಾಗಿಸಿದಳು. "ತಗೋರಿ. ಮಗನ ಅಕ್ಕಿಕಾಳು ಕಾಣ್ತದಂದ್ರ ತಲೀನೇ ಒಯ್ರಿ."

ಮದುವೆಯ ಲಗ್ನಪತ್ರಿಕೆಯ ಅಂಚಿನಿಂದಲೇ ದೌಲತರಾಯ ಅತ್ತೆಯ ಹಣೆ ಹೆರೆದು ಪೇಸ್ಟು ಸಂಗ್ರಹಿಸಿದ. ಯಾವ ಅಳಿಯನಿಗೂ ಈ ಭಾಗ್ಯ ಬಂದಿರಲಿಕ್ಕಿಲ್ಲ! ಆದರೆ ಬಸ್ಸಿನ ಹೊತ್ತಾಗುತ್ತಿತ್ತು. ಅವಸರದಲ್ಲಿ ಬಿಲ್ಲೆಯನ್ನು ಒತ್ತಿ ಕೂಡಿಸುವಾಗ ಫ್ಯಾನಿನ ವಾಯರು ಪಟ್ಟನೆ ಕಿತ್ತು ಬಂತು. ಮಿಕ್ಸಿಯ ಆತ್ಮ ಎಲ್ಲೋ ನಕ್ಕಂತಾಯಿತು.

"ಫ್ಯಾನ ಸತ್ತರ ಸಾಯಲಿ. ಅದನ್ನ ತಗದು ಬಾಜೂಕ ಇಡ್ರಿ," ಎಂದಳು ಸುಭದ್ರಾಬಾಯಿ. "ಗಂಗೀ, ಬೀಸಣಿಕಿ ತಾ."

ತೆರೆದ ಕಂಪ್ಯೂಟರಿನ ಪಕ್ಕದಲ್ಲಿ ತಾನೇ ಕೂತು, ಜ್ವರ ಬಂದ ಮಗುವಿಗೆ ಬೀಸಿದಂತೆ ಕಾರ್ಡಿಗೆ ಬೀಸತೊಡಗಿದಳು. ಮದುವೆ ಸಾಗಿತು. ಮುಷ್ಟಿಗಳು ಎದ್ದವು, ಅಕ್ಕಿಕಾಳು ಮಗನ ಬಾಸಿಂಗದ ಮೇಲೆ ಸುರಿದವು. ಆಕೆಯ ಕೈ ನಿಂತಿತು, ಕಣ್ಣು ತುಂಬಿತು. ಚಿತ್ರ ನಡುಗಿತು.

"ಅತ್ತಿ, ಬೀಸ್ರಿ," ಎಂದು ದೌಲತರಾಯ ಬೇಡಿಕೊಂಡ.

ಎಡಗೈಯಿಂದ ಕಣ್ಣೊರೆಸಿಕೊಳ್ಳುತ್ತ ಬಲಗೈಯಿಂದ ಬೀಸಿದಳು. ಗಂಗಾಬಾಯಿ ಅಡುಗೆಮನೆಯ ಡಬ್ಬಿಯಿಂದ ಹಿಡಿ ಅಕ್ಕಿ ತಂದುಕೊಟ್ಟಳು. ಸುಭದ್ರಾಬಾಯಿ ಅದನ್ನು ಪರದೆಯ ಮೇಲಿದ್ದ ಮಗನ ತಲೆಗೆ ಹಾಕಿ, "ಇನ್ನೊಮ್ಮೆ ತೋರಸ್ರಿ," ಎಂದಳು. ಇನ್ನೊಮ್ಮೆ ಇನ್ನೊಮ್ಮೆ ಅನ್ನುವಷ್ಟರಲ್ಲಿ ಗೊಬ್ಬೂರದ ಬಸ್ಸು ಹೋಯಿತು. ಯಾರಿಗೂ ಬೇಸರವಾಗಲಿಲ್ಲ. ಮಿಕ್ಸಿಂಗ್ ಮುಗಿಯುವತನಕ ಆಕೆ ಅಲ್ಲೇ ಉಳಿದಳು, ಬೀಸಣಿಕೆಯ ಸಮೇತ.

ಕ್ಯಾಸೆಟ್ ಒಯ್ಯಲು ಬಂದ ಗೌಸಮೊಹಿದ್ದೀನ ಬೆರಗಾದ.

"ಇಂಥಾ ಬಿಸಲಾಗ ಒಂದು ಗೆರಿ ಸೈತ ಬಂದಿಲ್ಲಲ್ರಿ ಭಾಯ್. ನಾ ಕೊಟ್ಟ ಫ್ಯಾನ್ ನೋಡಿದ್ರ ಮೂಲ್ಯಾಗ ಬಿದ್ದದ. ಹಂಗಾರ ಇದ್ಯಾವ ಊರಿನ ಕೂಲರ್?"

ದೌಲತರಾಯ ಗಂಟಲು ಸರಿಪಡಿಸಿಕೊಂಡು ತನ್ನ ಕೈಚಳಕ ವರ್ಣಿಸಲು ಬಾಯಿ ತೆರೆದ. ಅಡುಗೆಮನೆಯಿಂದ ಗಂಗಾಬಾಯಿಯ ದನಿ ಮೊದಲು ಬಂತು.

"ಗೊಬ್ಬೂರದ್ದು ಭಾಯಿ. ಊಟಕ್ಕ ಕುಂತದ, ಈಗ ಬರ್ತದ."