ವೀಸಾ ಸಿಗದ ಅಜ್ಜಿಯ ಪರವಾಗಿ ಮುತ್ತಿನ ಚಿಪ್ಪಿಗೊಂದು ಅಹವಾಲು

ಯುರೋಪಿನ ಬಂಡೆಗಳ ಮೇಲೆ ಸುಖವಾಗಿ ನೆಲೆಸಿರುವ, ಅರಬ್ ಕೊಲ್ಲಿ ಮೂಲದ ಮುತ್ತಿನ ಚಿಪ್ಪಿನವರ ಸನ್ನಿಧಾನಕ್ಕೆ,

ಮಾನ್ಯರೇ,

ದುಬೈಯ ಸತ್ವಾದಲ್ಲಿ ವಾಸವಾಗಿರುವ, ಮೂಲತಃ ಕಾಪುವಿನವನಾದ ಜಯಪಾಲ ಎಂಬ ನಾನು ಹಾಗೂ ನನ್ನ ಧರ್ಮಪತ್ನಿ ರಾಜೀವಿ ತಮಗೆ ತಲೆಬಾಗಿ ವಂದಿಸುತ್ತೇವೆ. ತಮ್ಮ ತಲೆ ಯಾವ ಕಡೆಗಿದೆಯೆಂದು ತಿಳಿಯದ ಕಾರಣ, ನಮಸ್ಕಾರವನ್ನು ಚಿಪ್ಪಿನ ಎರಡೂ ಬದಿಗೆ ಸಮನಾಗಿ ಹಂಚಿಕೊಳ್ಳಬೇಕಾಗಿ ವಿನಂತಿ.

ಸೂಯೆಜ್ ಕಾಲುವೆ ತೋಡಿದ್ದೇ ತಡ, ತಮ್ಮ ಹಿರಿಯರು ಅದನ್ನು ದಾಟಿ, ಕೆಲವರು ಹಡಗಿನ ತಳಕ್ಕೆ ಅಂಟಿಕೊಂಡು ಟಿಕೆಟಿಲ್ಲದೆ, ಮೆಡಿಟರೇನಿಯನ್ ಸಮುದ್ರ ಸೇರಿ ದಡದಿಂದ ದಡಕ್ಕೆ ಸಂಸಾರ ಬೆಳೆಸಿದರೆಂದು ಪತ್ರಿಕೆಯಲ್ಲಿ ಓದಿ ನಮಗೆ ರೋಮಾಂಚನವಾಯಿತು. ಇಲ್ಲೇ ಕೂದಲು ನರೆತರೂ ವೀಸಾ ನವೀಕರಣ ಬಂತೆಂದರೆ ನನಗೆ ಊಟ ಸೇರುವುದಿಲ್ಲ. ತಮಗಾದರೋ ಕಲ್ಲಿಗೆ ಅಂಟಿದರೆ ಮುಗಿಯಿತು, ರಕ್ತಪರೀಕ್ಷೆಯಿಲ್ಲ, ಫೋಟೊದ ಹಿಂದೆ ಬಿಳಿ ಪರದೆಯೇ ಇರಬೇಕೆಂಬ ಕಾಟವಿಲ್ಲ.

ತಮ್ಮ ನೆರೆಯಲ್ಲೇ, ಅದೇ ಕಡಲ ದಡದ ಒಂದು ಬಂದರಿನಲ್ಲಿ, ನಮ್ಮ ಮಗಳು ಅಶ್ಮಿತಾ ಮುಂದಿನ ತಿಂಗಳು ಹೆರಲಿದ್ದಾಳೆ. ಚೊಚ್ಚಲ ಹೆರಿಗೆ, ಬಾಣಂತನಕ್ಕೆ ತಾಯಿ ಹೋಗಲೇಬೇಕು. ವೀಸಾ ಕಚೇರಿಯಲ್ಲಿ ಹಿಂದಿರುಗುವ ದಿನಾಂಕ ಕೇಳಿದಾಗ ರಾಜೀವಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ಮಗುವಿನ ಕುತ್ತಿಗೆ ನಿಲ್ಲಲಿ ಸರ್, ಮತ್ತೆ ಬರುವುದೇ.” ಇದಕ್ಕಿಂತ ಖಚಿತವಾದ ಗಡುವು ನಮ್ಮ ಕಡೆಯ ಯಾವ ಅಜ್ಜಿಗೂ ಗೊತ್ತಿಲ್ಲ. ಅಧಿಕಾರಿಗಳ ಕ್ಯಾಲೆಂಡರಿನಲ್ಲಿ ಮಾತ್ರ ಅಂಥ ದಿನ ಇರಲಿಲ್ಲವಾಗಿ, ಹಿಂದಿರುಗುವ ಉದ್ದೇಶ ಸ್ಪಷ್ಟವಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ನೂರು ವರ್ಷ ಮೀರಿದರೂ ಹಿಂದಿರುಗದ ತಮ್ಮನ್ನು ಈ ಪ್ರಶ್ನೆ ಯಾರೂ ಕೇಳಿಲ್ಲವೆಂಬುದು ತಮ್ಮ ಕುಲದ ಹಿರಿಮೆ. ಅಂದಿನಿಂದ ರಾಜೀವಿ ಬಾಣಂತಿಗೆಂದು ಮಾಡಿದ ಲೇಹ್ಯದ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ.

ಆದಕಾರಣ, ಯುರೋಪಿನತ್ತ ಹೊರಡುವ ಯಾವುದಾದರೂ ಹಡಗಿನ ತಳದಲ್ಲಿ ಆಕೆಗೂ ಭರಣಿಗೂ ಒಂದಿಷ್ಟು ಜಾಗ ಕೊಡಿಸಿ, ಅಂಟಿಕೊಳ್ಳುವ ವಿದ್ಯೆಯನ್ನೂ ಕಲಿಸಬೇಕು. ಅದಾಗದಿದ್ದರೆ ತಾವೇ ಮಗಳ ಮನೆಗೆ ದಯಮಾಡಿಸಿ, ಮಗುವಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿ ಬಿಸಿನೀರು ಹೊಯ್ಯಬೇಕು. ಕಾಲಿಲ್ಲವೆಂಬ ನೆಪ ಬೇಡ. ಕಾಲಿಲ್ಲದೆ ಯುರೋಪಿಗೆ ಹೋದವರಿಗೆ ಇದೇನು ಮಹಾ ಕೆಲಸವಲ್ಲ.

ಎಲ್ಲಿಯೂ ಅಂಟಿಕೊಳ್ಳಲು ಬಾರದ,
ತಮ್ಮ ವಿಶ್ವಾಸಿ,
ಜಯಪಾಲ

ತಾ.ಕ.: ತಮ್ಮ ದೂರದ ಬಳಗದ ಮರುವಾಯಿ ಎಂಬ ಚಿಪ್ಪುಗಳು ಇಂದು ಮೀನು ಮಾರುಕಟ್ಟೆಯಿಂದ ನಮ್ಮ ಅಡುಗೆಮನೆಗೆ ಆಗಮಿಸಿವೆ, ರಾಜೀವಿ ಅವುಗಳ ಸುಕ್ಕ ಪಲ್ಯಕ್ಕೆ ತೆಂಗಿನಕಾಯಿ ಹುರಿಯುತ್ತಿದ್ದಾಳೆ. ಈ ಬಳಗದವರು ಹಿಂದಿರುಗುವ ದಿನಾಂಕವನ್ನು ತಾವು ಕೇಳಬಹುದು. ನಮ್ಮ ಉತ್ತರ ಅದೇ: ಮಗುವಿನ ಕುತ್ತಿಗೆ ನಿಲ್ಲಲಿ, ಮತ್ತೆ ನೋಡುವ.