ಜುಬೈದಾ ತಳಿಯ ಹುಲ್ಲು

ಗುರುವಾಯನಕೆರೆಯಲ್ಲಿ ನನ್ನದೊಂದು ಚಪ್ಪಲಿ ಅಂಗಡಿ ಉಂಟು. ಮನೆಯಲ್ಲಿ ಬೊಳ್ಳಿ ಎಂಬ ದನ, ಜುಬೈದಾ ಎಂಬ ಹೆಂಡತಿ, ಒಬ್ಬಳು ಮಗಳು. ಇಷ್ಟೇ ಅರ್ಹತೆಯ ಮನುಷ್ಯ ಹೊಸ ಮೇವಿನ ತಳಿ ಸೃಷ್ಟಿಸಲು ಹೊರಟಾಗ ಯಾರಾದರೂ ತಡೆಯಬೇಕಿತ್ತು. ಯಾರೂ ತಡೆಯಲಿಲ್ಲ!

ಮೂಡುಬಿದಿರೆಯಲ್ಲಿ ಹೈನುಗಾರರ ಸಭೆ ಇತ್ತು. ಒಬ್ಬರು ಕೃಷಿ ಅಧಿಕಾರಿ ನಾವೆಲ್ಲ ದನಕ್ಕೆ ಬೆಳೆಸುವ ಹೈಬ್ರಿಡ್ ನೇಪಿಯರ್ ಹುಲ್ಲಿನ ಜಾತಕವನ್ನೇ ಬಿಚ್ಚಿದರು. ಆಫ್ರಿಕಾದ ಆನೆಹುಲ್ಲು ಬೇಗ ಬೆಳೆಯುತ್ತದೆ, ಆದರೆ ಒರಟು. ಸಜ್ಜೆಯ ಗಿಡ ಮೆದು, ಆದರೆ ಒಂದೇ ಬೆಳೆಗೆ ಮುಗಿಯಿತು. ಹಿಂದಿನ ವಿಜ್ಞಾನಿಗಳು ಎರಡನ್ನೂ ಕೂಡಿಸಿ ಈ ಹುಲ್ಲು ಮಾಡಿದರಂತೆ. "ಆದರೆ ಒಂದು ವಿಷಯ ನೆನಪಿಡಿ..." ಎಂದು ಅವರು ಹೇಳುವಾಗ ಹೊರಗೆ ಬಿಸಿ ಬನ್ಸ್ ಬಂತು. ನಾನು ಹೊರಗೆ ಹೋದೆ.

ಬಸ್ಸಿನಲ್ಲೇ ತೀರ್ಮಾನವಾಯಿತು: ಈ ನೇಪಿಯರಿಗೆ ಸಿಹಿ ಮೆಕ್ಕೆಜೋಳ ಕೂಡಿಸುವ! ಹುಲ್ಲೂ ಸಿಹಿ, ಹಾಲೂ ಸಿಹಿ!

ಹುಲ್ಲು ಹೂ ಬಿಟ್ಟಾಗ ಮಗಳ ಪೌಡರ್ ಬ್ರಶ್ ಹಿಡಿದು, ಸ್ಟೂಲ್ ಹತ್ತಿ, ತೆನೆ ತೆನೆಗೂ ಮೆಕ್ಕೆಜೋಳದ ಪರಾಗ ಸವರಿದೆ. ನೆರೆಮನೆಯ ಸಂಜೀವಣ್ಣ ಬೇಲಿಯಾಚೆ ನಿಂತರು.

"ಎಂತ ಸಾಹೇಬ್ರೇ, ಹುಲ್ಲಿಗೆ ಮೇಕಪ್ಪಾ?"

"ಸಂಶೋಧನೆ!" ಎಂದೆ ಗಂಭೀರವಾಗಿ.

ಒಣಗಿದ ತೆನೆಗಳನ್ನು ಹಿತ್ತಿಲಲ್ಲಿ ಉದುರಿಸಿ ನೀರು ಹಾಕಿದೆ. ಕೆಲವೇ ದಿನಗಳಲ್ಲಿ ಅಗಲ ಎಲೆಯ ಹೊಸ ಸಸಿಗಳು! "ಜುಬೈದಾ ತಳಿ" ಎಂದು ನಾಮಕರಣ ಮಾಡಿದೆ.

"ನಿಮಗೆ ಮರ್ಲಾ, ತಲೆ ಕೆಟ್ಟಿದೆಯಾ? ದನ ತಿಂದು ಸೆಗಣಿ ಹಾಕುವುದಕ್ಕೆ ನನ್ನ ಹೆಸರಾ?" ಎಂದಳು ಹೆಂಡತಿ. ಆದರೂ ಉದ್ಘಾಟನೆಗೆ ಬಿರಿಯಾನಿ ಮಾಡಿದಳು.

ಸಸಿ ಮೊಣಕಾಲೆತ್ತರ ಬಂದಾಗ ನೆಂಟರು, ಸಂಜೀವಣ್ಣ, ಅಂಗಡಿಯ ಗಿರಾಕಿಗಳು ಎಲ್ಲರೂ ಸೇರಿದರು. ಮುಖ್ಯ ಅತಿಥಿ ಸಭೆಯ ಅದೇ ಅಧಿಕಾರಿ. ಅವರು ಬರುವುದು ತಡವಾಯಿತು. ನನಗೆ ತಡೆಯಲಾಗಲಿಲ್ಲ. ಒಂದು ಹಿಡಿ ಕೊಯ್ದು ಬೊಳ್ಳಿಯ ಬಾಯಿಗಿಟ್ಟೆ. ಚಪ್ಪಾಳೆ!

ಅಷ್ಟರಲ್ಲಿ ಗೇಟಿನಿಂದ ಅಧಿಕಾರಿಯ ಕೂಗು: "ಕೊಡಬೇಡಿ! ಅದು ಬಿಳಿಜೋಳ! ಎಳೆಯದು ದನಕ್ಕೆ ವಿಷ!"

ಬೊಳ್ಳಿಯ ಬಾಯಿಗೆ ಕೈ ಹಾಕಿ ಎಳೆದೆ. ಅವಳೂ ಎಳೆದಳು. ಹುಲ್ಲು ಹೊರಗೆ ಬಂತು, ನಾನು ಸೆಗಣಿಯ ಮೇಲೆ ಬಿದ್ದೆ. ಮತ್ತೊಮ್ಮೆ ಚಪ್ಪಾಳೆ!

"ಬಿಳಿಜೋಳ ಹೇಗೆ ಬಂತು?" ಎಂದೆ ಬಿದ್ದಲ್ಲಿಂದಲೇ.

"ಅಲ್ಲಿ ನಾನು ಕೋಳಿಗೆ ಜೋಳದ ಕಾಳು ಚೆಲ್ಲುವುದಲ್ವಾ!" ಎಂದಳು ಜುಬೈದಾ.

ಅಧಿಕಾರಿ ನನ್ನನ್ನು ಎಬ್ಬಿಸಿದರು. "ಮಾರಾಯ್ರೇ, ಹೈಬ್ರಿಡ್ ನೇಪಿಯರ್ ಹೇಸರಗತ್ತೆಯ ಹಾಗೆ. ಬೀಜವೇ ಕಟ್ಟುವುದಿಲ್ಲ. ಅದಕ್ಕೇ ನಾವು ಕಾಂಡದ ತುಂಡು ನೆಡುವುದು. ಸಭೆಯಲ್ಲಿ ಹೇಳಿದ್ದೆನಲ್ಲ?"

ಬನ್ಸಿನ ವಿಷಯ ನಾನು ಹೇಳಲಿಲ್ಲ.

ಎಲ್ಲರೂ ಬಿರಿಯಾನಿಗೆ ಕೂತರು. ನಾನು ಮಾತ್ರ ಸಂಜೆಯವರೆಗೆ ಹಟ್ಟಿಯಲ್ಲೇ ಕೂತು ಬೊಳ್ಳಿಯ ಮುಖ ನೋಡಿದೆ. ಕೊನೆಗೆ ಅವಳು ಹಾಯಾಗಿ ಮೆಲುಕು ಹಾಕತೊಡಗಿದಾಗ ನನ್ನ ಕಣ್ಣು ಒದ್ದೆಯಾಯಿತು.

ಜುಬೈದಾ ಬುಟ್ಟಿ ತಂದು ಮುಂದಿಟ್ಟಳು. "ಸಂಶೋಧನೆ ಸಾಕು. ಸೆಗಣಿ ತೆಗೆಯಿರಿ."

ತೆಗೆದೆ. ನನ್ನ ಬುದ್ಧಿಮಟ್ಟಕ್ಕೆ ಹೊಂದುವ ಕೆಲಸ ಕೊನೆಗೂ ಸಿಕ್ಕಿತು. ಅದರಲ್ಲೂ ಅರ್ಧ ಚೆಲ್ಲಿದೆ!